ಕಡಂಬಿಟ್ಟು–ಪಂದಿಕರಿ ಕೇಕ್ ವಾಲಿದರೆ, ಬಿರಿದರೆ, ಬೆವರಿದರೆ: ದೋಷ ಗುರುತಿಸಿ ಸರಿಪಡಿಸುವ ಬಗೆ

ಕೊಡಗಿನ ಊಟದ ಹಾಗೆ ಬಿಳಿ ಕಡಂಬಿಟ್ಟಿನ (ಅಕ್ಕಿ ತರಿಯ ಉಂಡೆ) ರಾಶಿ, ಬುಡದಲ್ಲಿ ಕಪ್ಪಗೆ ಮಿನುಗುವ ಪಂದಿಕರಿ (ಹಂದಿಮಾಂಸದ ಕರಿ). ನೋಡಿದವರು ಊಟದ ತಟ್ಟೆ ಅಂದುಕೊಳ್ಳಬೇಕು, ಚಾಕು ಇಳಿಸಿದಾಗ ಕೇಕ್ ಸಿಗಬೇಕು. ಇದರಲ್ಲಿ ಬಣ್ಣ, ರುಚಿ ಕೆಡುವುದು ಕಡಿಮೆ. ಕೆಡುವುದು ನಿಲುವು. ಸಂಜೆ ನೆಟ್ಟಗಿದ್ದ ರಾಶಿ ಬೆಳಿಗ್ಗೆ ಒಂದು ಕಡೆಗೆ ವಾಲಿರುತ್ತದೆ, ಇಲ್ಲವೇ ಎರಡನೇ ಸಾಲಿನ ಉಂಡೆ ಜಾರಿ ಗ್ರೇವಿಯಲ್ಲಿ ಬಿದ್ದಿರುತ್ತದೆ.

ಕಾರಣ ಹೆಚ್ಚಾಗಿ ಒಂದೇ. ನಿಜವಾದ ಕಡಂಬಿಟ್ಟನ್ನು ಪಾತ್ರೆಯಲ್ಲಿ ಪೇರಿಸುವ ಹಾಗೆ ಇಲ್ಲೂ ಉಂಡೆಯ ಮೇಲೆ ಉಂಡೆ ಇಟ್ಟಿರುತ್ತಾರೆ. ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಟ್ಟ ಕಡಂಬಿಟ್ಟು ಗಟ್ಟಿ; ಮೇಲೆ ಇನ್ನೆರಡು ಕೂತರೂ ಆಕಾರ ಬಿಡುವುದಿಲ್ಲ. ಕೇಕ್ ಉಂಡೆಗೆ ಆ ಶಕ್ತಿ ಇಲ್ಲ. ಇಲ್ಲಿ ಮೇಲಿನ ಪ್ರತಿ ಉಂಡೆಯ ಭಾರ ಅಂತಸ್ತುಗಳ ನಡುವಿನ ರಟ್ಟಿಗೆ, ರಟ್ಟಿನಿಂದ ಕೇಕಿನೊಳಗೆ ನೆಟ್ಟ ಸ್ಟ್ರಾಗೆ, ಸ್ಟ್ರಾದಿಂದ ಬುಡದ ಬೋರ್ಡಿಗೆ ಇಳಿಯಬೇಕು. ಆ ದಾರಿ ಎಲ್ಲಿ ತುಂಡಾಗಿದೆ ಎಂದು ಹುಡುಕುವುದೇ ಇಲ್ಲಿಯ ಮುಖ್ಯ ಕೆಲಸ.

ಸರಿಯಾಗಿ ಕಟ್ಟಿದ ಕೇಕ್ ಹೀಗಿರುತ್ತದೆ

ಮುಂದೆ ಹೇಳುವ ಅಳತೆಗಳೆಲ್ಲ 25 ಉಂಡೆಯ, ಸುಮಾರು 5 ಕಿಲೊ ತೂಗುವ ಕೇಕಿನವು. ನಿಮ್ಮದು ಬೇರೆ ಗಾತ್ರದ್ದಾದರೆ ಅನುಪಾತ ನೋಡಿಕೊಳ್ಳಿ.

ಒಳಗೆ ಮೂರು ಅಂತಸ್ತಿನ ಗಟ್ಟಿ ಕೇಕ್ ಇರುತ್ತದೆ. ಅದನ್ನು ನಡುಗೋಪುರ ಎನ್ನೋಣ. ಅಂತಸ್ತುಗಳ ಅಡ್ಡಳತೆ ಕೆಳಗಿನಿಂದ 18, 12, 6 ಸೆಂ.ಮೀ.; ಪ್ರತಿಯೊಂದರ ಎತ್ತರ 6 ಸೆಂ.ಮೀ. ಹಾಗಾಗಿ ಕೆಳಗಿನ ಎರಡು ಅಂತಸ್ತುಗಳ ಮೇಲೆ ಸುತ್ತಲೂ 3 ಸೆಂ.ಮೀ. ಅಗಲದ ಜಗಲಿ ಉಳಿಯುತ್ತದೆ. ಉಂಡೆಯ ಅಡ್ಡಳತೆ 6 ಸೆಂ.ಮೀ., ತೂಕ 110 ಗ್ರಾಂ. ಬೋರ್ಡಿನ ಮೇಲೆ 11, ಮೊದಲ ಜಗಲಿಯಲ್ಲಿ 8, ಎರಡನೆಯದರಲ್ಲಿ 5, ತುದಿಗೆ 1. ಮೇಲಿನ ಐದನ್ನು ಕೂರಿಸಲು ಉಂಡೆಗಳ ಪಕ್ಕವನ್ನು ಕೊಂಚ ಸವರಬೇಕಾಗುತ್ತದೆ. ಬೋರ್ಡ್ 40 ಸೆಂ.ಮೀ. ಅಗಲದ, 12 ಮಿ.ಮೀ. ದಪ್ಪದ ಪ್ಲೈವುಡ್. ಅದರ ನಡುವೆ 12 ಮಿ.ಮೀ. ದಪ್ಪದ ಮರದ ಕೋಲು, ಕೆಳಗಿನಿಂದ ಸ್ಕ್ರೂ ಹಾಕಿ ಬಿಗಿದದ್ದು, 20 ಸೆಂ.ಮೀ. ಎತ್ತರ. ತುದಿಯ ಉಂಡೆ ಇದರ ಕೊನೆಯ 2 ಸೆಂ.ಮೀ.ಗೆ ಸಿಕ್ಕಿಕೊಳ್ಳುತ್ತದೆ. ಬಡಗಿಯ ಬಳಿ ಹೇಳಿದರೆ ಹತ್ತು ನಿಮಿಷದ ಕೆಲಸ. ಪಾಲಿಶ್, ವಾರ್ನಿಷ್ ಬೇಡ ಎಂದು ಮೊದಲೇ ಹೇಳಿ. ಬೋರ್ಡಿಗೆ ಆಹಾರಕ್ಕೆ ಬಳಸುವ ಫಾಯಿಲ್ ಸುತ್ತಿ.

ಕ್ರೀಮ್ ಹಚ್ಚಿ ಮುಚ್ಚುವ ಮೊದಲು

ಬಿರುಕು ಕಂಡ ಕೂಡಲೇ ಅದರ ಮೇಲೆ ಗನಾಶ್ (ಚಾಕೊಲೇಟ್, ಕ್ರೀಮ್ ಬೆರೆಸಿದ ಲೇಪ) ಸವರಬೇಡಿ. ಸವರಿದರೆ ಗುರುತು ಅಳಿಸಿಹೋಗುತ್ತದೆ, ದೋಷ ಒಳಗೇ ಉಳಿಯುತ್ತದೆ. ಮೊದಲು ಮೂರು ಅಳತೆ ತೆಗೆದುಕೊಳ್ಳಿ.

ಬೋರ್ಡಿನ ಮೇಲೆ ರಸಮಟ್ಟ ಇಟ್ಟು ನೋಡಿ. ಅಡುಗೆಮನೆಯ ಕಟ್ಟೆಯೇ ನೀರು ಹರಿಯಲೆಂದು ಓರೆ ಇರುವುದುಂಟು. ಅದರ ಮೇಲೆ ರಾತ್ರಿ ಕಳೆದ ಕೇಕ್ ವಾಲಿದರೆ ತಪ್ಪು ಕೇಕಿನದಲ್ಲ. ಬೋರ್ಡ್ ಮಟ್ಟವಾಗಿದ್ದರೆ, ಬೋರ್ಡಿನಿಂದ ಮೊದಲ ಜಗಲಿಯ ಅಂಚಿನವರೆಗಿನ ಎತ್ತರವನ್ನು ನಾಲ್ಕು ಕಡೆ ಸ್ಕೇಲಿನಿಂದ ಅಳೆಯಿರಿ. ನಾಲ್ಕರಲ್ಲಿ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆಳ ಅಂತಸ್ತಿನದೇ ದೋಷ. ಅಲ್ಲಿ ಸರಿ ಬಂದು ಎರಡನೇ ಜಗಲಿಯಲ್ಲಿ ವ್ಯತ್ಯಾಸ ಕಂಡರೆ ನಡು ಅಂತಸ್ತಿನದು. ಎರಡೂ ಸರಿಯಿದ್ದೂ ರಾಶಿ ವಾಲಿದಂತೆ ಕಂಡರೆ ಗೋಪುರ ಗಟ್ಟಿ ಇದೆ, ಉಂಡೆಗಳು ಮಾತ್ರ ಜಾರಿವೆ. ಆಗ ಗೋಪುರ ಬಿಚ್ಚುವ ಅಗತ್ಯವಿಲ್ಲ.

ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಅಳತೆ ಬದಲಾಗದಿದ್ದರೆ ಕೇಕ್ ಕುಸಿದು ನಿಂತಿದೆ. ಬದಲಾಗಿದ್ದರೆ ಇನ್ನೂ ಕುಸಿಯುತ್ತಿದೆ, ತಕ್ಷಣ ಮೇಲಿನ ಸಾಲುಗಳನ್ನು ಇಳಿಸಿ.

ಜಗಲಿಯ ಅಂಚಿನಲ್ಲಿ ಬಿರುಕು

ಅತಿ ಹೆಚ್ಚು ಕಾಣುವ ದೋಷ ಇದು. ಎರಡನೇ ಸಾಲಿನ ಯಾವುದಾದರೂ ಉಂಡೆಯ ಕೆಳಗೆ ಕಣ್ಣಿಟ್ಟು ನೋಡಿ. ಜಗಲಿಯ ಹೊರ ಅಂಚಿನಿಂದ ಒಂದೂವರೆ ಸೆಂ.ಮೀ. ಒಳಗೆ, ವೃತ್ತಕ್ಕೆ ಸಮಾನಾಂತರವಾಗಿ, ಕೂದಲೆಳೆಯಷ್ಟು ಸಣ್ಣ ಗೆರೆ ಕಾಣುತ್ತದೆ. ಎರಡು ಗಂಟೆ ಕಳೆದರೆ ಆ ಗೆರೆ ಬಾಯಿ ಬಿಡುತ್ತದೆ, ಹೊರಗಿನ ತುಂಡು ಉಂಡೆಯನ್ನೂ ಹೊತ್ತುಕೊಂಡು ಕೆಳಕ್ಕೆ ಬಾಗುತ್ತದೆ.

ಕಾರಣ ರಟ್ಟಿನ ಅಳತೆ. ಸಾಮಾನ್ಯ ಅಂತಸ್ತಿನ ಕೇಕಿನಲ್ಲಿ ಮೇಲಿನ ಕೇಕಿನಷ್ಟೇ ಅಗಲದ ರಟ್ಟು ಸಾಕು. ಅದೇ ಅಭ್ಯಾಸದಲ್ಲಿ ಇಲ್ಲೂ 12 ಸೆಂ.ಮೀ. ಅಂತಸ್ತಿಗೆ 12 ಸೆಂ.ಮೀ. ರಟ್ಟು ಹಾಕುತ್ತಾರೆ. ಆಗ 8 ಉಂಡೆಗಳ 800 ಗ್ರಾಂ ಭಾರ ರಟ್ಟಿನ ಹೊರಗೆ, ಬರೀ ಕೇಕಿನ ಮೇಲೆ ಬೀಳುತ್ತದೆ. ಇಲ್ಲಿ ರಟ್ಟಿನ ಅಳತೆಯನ್ನು ಕೆಳಗಿನ ಅಂತಸ್ತಿನಿಂದ ತೆಗೆದುಕೊಳ್ಳಬೇಕು: 18ರ ಮೇಲೆ ಕೂರುವ ರಟ್ಟು 17.5 ಸೆಂ.ಮೀ., 12ರ ಮೇಲಿನದು 11.5 ಸೆಂ.ಮೀ. ಜಗಲಿ ಎಂದರೆ ರಟ್ಟೇ. ಅದರ ಮೇಲೆ ತೆಳ್ಳಗೆ ಬಿಳಿ ಗನಾಶ್ ಬಳಿದು ಮರೆಮಾಡುವುದಷ್ಟೆ.

ರಟ್ಟು ಸರಿಯಿದ್ದೂ ಬಿರುಕು ಬಂದರೆ ಸ್ಟ್ರಾ ನೋಡಿ. ಕೆಳ ಅಂತಸ್ತಿಗೆ ಬಬಲ್ ಟೀಗೆ ಬಳಸುವ ದಪ್ಪ ಸ್ಟ್ರಾ 8 ಬೇಕು. ಅದರಲ್ಲಿ 5, ನಡುವಿನಿಂದ 7 ಸೆಂ.ಮೀ. ದೂರದಲ್ಲಿ, ಅಂದರೆ ಉಂಡೆಗಳು ಕೂರುವ ಜಾಗದ ಕೆಳಗೆ. ಉಳಿದ 3 ಒಳಗೆ, 4 ಸೆಂ.ಮೀ. ದೂರದಲ್ಲಿ. ಎಲ್ಲವನ್ನೂ ನಡುವಿಗೇ ಒತ್ತಿ ನೆಟ್ಟರೆ ರಟ್ಟಿನ ಅಂಚು ಕೊಡೆಯಂತೆ ಬಾಗುತ್ತದೆ. ನಡು ಅಂತಸ್ತಿಗೆ 4 ಸ್ಟ್ರಾ ಸಾಕು, 4.5 ಸೆಂ.ಮೀ. ದೂರದಲ್ಲಿ. ಜ್ಯೂಸಿಗೆ ಕೊಡುವ ಸಪೂರ ಸ್ಟ್ರಾ, ಕಾಗದದ ಸ್ಟ್ರಾ ಎರಡೂ ಬೇಡ. ಕಾಗದದ್ದು ಕೇಕಿನ ತೇವ ಹೀರಿ ರಾತ್ರಿಯೊಳಗೆ ಮೆತ್ತಗಾಗುತ್ತದೆ.

ಇಡೀ ರಾಶಿ ಒಂದು ಕಡೆ ವಾಲುವುದು

ಸ್ಟ್ರಾಗಳ ಉದ್ದ ಒಂದೇ ಸಮ ಇಲ್ಲ. ಕೇಕಿನ ಮೇಲ್ಭಾಗ ಏರುಪೇರಾಗಿದ್ದಾಗ ಪ್ರತಿ ಸ್ಟ್ರಾವನ್ನೂ ಅದು ನೆಟ್ಟ ಜಾಗದ ಮಟ್ಟಕ್ಕೆ ಕತ್ತರಿಸಿದರೆ ಹೀಗಾಗುತ್ತದೆ. ಒಂದು ಬದಿಯದು 5 ಮಿ.ಮೀ. ಗಿಡ್ಡವಾದರೂ ತುದಿಯ ಉಂಡೆ 6 ಮಿ.ಮೀ.ಗಿಂತ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ, ಅಷ್ಟು ಕಣ್ಣಿಗೆ ಕಾಣುತ್ತದೆ. ಕೇಕಿನ ಅತಿ ಎತ್ತರದ ಜಾಗದಲ್ಲಿ ಒಂದು ಸ್ಟ್ರಾ ನೆಟ್ಟು ಗುರುತು ಹಾಕಿ, ಹೊರತೆಗೆದು, ಉಳಿದೆಲ್ಲವನ್ನೂ ಅದರ ಪಕ್ಕದಲ್ಲಿಟ್ಟು ಅದೇ ಅಳತೆಗೆ ಕತ್ತರಿಸಿ. ಸ್ಟ್ರಾ ಕೇಕಿಗಿಂತ ಒಂದು ಮಿ.ಮೀ. ಮೇಲೆದ್ದರೂ ಚಿಂತೆಯಿಲ್ಲ. ತಗ್ಗಿದರೆ ರಟ್ಟು ಕೇಕಿನ ಮೇಲೆ ಕೂರುತ್ತದೆ, ಮೇಲಿನ ಎರಡೂಕಾಲು ಕಿಲೊ ಭಾರವೂ ಕೇಕಿನ ಮೇಲೆ ಬೀಳುತ್ತದೆ.

ಸ್ಟ್ರಾ ಸರಿಯಿದ್ದು, ಕೆಳ ಅಂತಸ್ತಿನ ಹೊಟ್ಟೆ ಉಬ್ಬಿ, ಸುತ್ತಲಿನ ಉಂಡೆಗಳನ್ನು ಹೊರಕ್ಕೆ ತಳ್ಳಿದ್ದರೆ ಕೇಕ್ ಮೆತ್ತಗಿನದು. ಮಿಕ್ಕ ತುಂಡಿನಿಂದ 5 ಸೆಂ.ಮೀ. ಅಗಲ, ಉದ್ದ, ಎತ್ತರದ ಚೌಕ ಕತ್ತರಿಸಿ ತೂಗಿ. ನಡುಗೋಪುರಕ್ಕೆ ಬಳಸುವ ಗಟ್ಟಿ ಚಾಕೊಲೇಟ್ ಮಡ್ ಕೇಕ್ 105 ಗ್ರಾಂನ ಆಸುಪಾಸು ಬರುತ್ತದೆ. 60 ಗ್ರಾಂ ಬಂದರೆ ಅದು ಸ್ಪಾಂಜ್. ಎಷ್ಟು ಸ್ಟ್ರಾ ಹಾಕಿದರೂ ಅವನ್ನು ನೆಟ್ಟಗೆ ಹಿಡಿದು ನಿಲ್ಲಿಸುವ ಬಲ ಅದಕ್ಕಿಲ್ಲ.

ಮಡ್ ಕೇಕ್ ಮಾಡಿಯೂ ನಡುವೆ ಕುಳಿ ಬಿದ್ದು, ಆ ಕುಳಿಯನ್ನು ಗನಾಶಿನಿಂದ ತುಂಬಿದ್ದರೆ ಅದೂ ದೋಷವೇ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ನೀರು 96 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆ ಇರುವಲ್ಲಿ ಬೇಕಿಂಗ್ ಪೌಡರಿನ ಅನಿಲ ಬೇಗ ಹಿಗ್ಗುತ್ತದೆ, ಹಿಟ್ಟು ಬೆಂದು ಗಟ್ಟಿಯಾಗುವ ಮುನ್ನವೇ ಕೇಕ್ ಏರಿ ಇಳಿಯುತ್ತದೆ. ಬಯಲುಸೀಮೆಯ ಅಳತೆಯಲ್ಲಿ 1 ಟೀ ಚಮಚ ಬೇಕಿಂಗ್ ಪೌಡರ್ ಇದ್ದರೆ ಅದರಲ್ಲಿ ಎಂಟನೇ ಒಂದು ಪಾಲು ಕಡಿಮೆ ಮಾಡಿ, ಒಂದು ಕಪ್ ದ್ರವಕ್ಕೆ 1ರಿಂದ 2 ದೊಡ್ಡ ಚಮಚ ಹೆಚ್ಚು ಹಾಕಿ, ಓವನ್ ಶಾಖ 10 ಡಿಗ್ರಿ ಏರಿಸಿ. ದ್ರವದ ಪಾಲಿಗೆ ಫಿಲ್ಟರ್ ಕಾಫಿ ಡಿಕಾಕ್ಷನ್ ಹಾಕುವುದು ಒಳ್ಳೆಯದು. ಚಾಕೊಲೇಟಿನ ಕಹಿ ಎದ್ದು ಬರುತ್ತದೆ, ಸಿಹಿಯ ಅತಿ ತಗ್ಗುತ್ತದೆ.

ಗೋಪುರ ನೆಟ್ಟಗಿದೆ, ಉಂಡೆ ಮಾತ್ರ ಜಾರುತ್ತದೆ

ಇದು ಲೆಕ್ಕದ ತಪ್ಪು. ಪೂರ್ಣ ದುಂಡಗಿನ ಉಂಡೆಯನ್ನು ಗೋಡೆಗೆ ತಾಗಿಸಿ ಇಟ್ಟರೆ ಅದರ ನಡುಬಿಂದು ಗೋಡೆಯಿಂದ 3 ಸೆಂ.ಮೀ. ದೂರದಲ್ಲಿರುತ್ತದೆ. ಜಗಲಿಯ ಅಗಲವೂ 3 ಸೆಂ.ಮೀ. ಅಂದರೆ ಉಂಡೆ ಅಂಚಿನ ಮೇಲೆಯೇ ಕೂತಿದೆ, ಒಂದು ಕದಲಿಕೆ ಸಾಕು. ಉಂಡೆಯ ಬೆನ್ನಿನಿಂದ 1 ಸೆಂ.ಮೀ. ದಪ್ಪದ ಬಿಲ್ಲೆ ಕತ್ತರಿಸಿ ತೆಗೆಯಿರಿ. ಚಪ್ಪಟೆ ಬೆನ್ನು ಗೋಡೆಗೆ ಅಂಟುತ್ತದೆ, ನಡುಬಿಂದು ಒಂದು ಸೆಂ.ಮೀ. ಒಳಕ್ಕೆ ಬರುತ್ತದೆ. ಎಂಟು ಗ್ರಾಂ ಕೇಕ್ ಹೋಗುತ್ತದೆ, ಉಂಡೆ ನಿಲ್ಲುತ್ತದೆ. ಹೀಗೆ ಕೂರಿಸಿದಾಗ ಮೇಲಿನ ಸಾಲಿನ ಉಂಡೆಗೂ ಕೆಳಗಿನದಕ್ಕೂ ನಡುವೆ ಅರ್ಧ ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಸಂದು ಉಳಿಯಬೇಕು. ಒಂದು ತೆಳ್ಳನೆ ಕಡ್ಡಿ ತೂರಿಸಿ ನೋಡಿ. ತೂರದಿದ್ದರೆ ಮೇಲಿನದು ಕೆಳಗಿನದರ ಮೇಲೆ ಕೂತಿದೆ ಎಂದರ್ಥ.

ಅಂಟಿಗೆ ಕರಗಿಸಿದ ಬಿಳಿ ಚಾಕೊಲೇಟ್ ಬಳಸಿ. ಬಟರ್‌ಕ್ರೀಮ್, ವಿಪ್ಪಿಂಗ್ ಕ್ರೀಮ್ ಅಂಟಲ್ಲ, ಜಾರುಬಂಡೆ. ಎರಡನೇ ಮತ್ತು ಮೂರನೇ ಸಾಲಿನ 13 ಉಂಡೆಗಳಿಗೆ ತಲಾ ಒಂದು ಬಿದಿರುಕಡ್ಡಿ, 9 ಸೆಂ.ಮೀ. ಉದ್ದದ್ದು, ಹೊರಗಿನಿಂದ ಒಳಕ್ಕೆ ತುಸು ಇಳಿಜಾರಾಗಿ ಚುಚ್ಚಿ. ಕಡ್ಡಿಯ ಮೊನೆ ಗೋಪುರದೊಳಗೆ ಹೊಕ್ಕಿರಲಿ. ಕಡ್ಡಿಯ ಬದಲು ಹಸಿ ಸ್ಪೆಗೆಟಿ ಚುಚ್ಚಿದರೆ ತಿನ್ನುವವರಿಗೆ ಅಪಾಯವಿಲ್ಲ ನಿಜ, ಆದರೆ ಅದು ತೇವ ಹೀರಿ ಮೆತ್ತಗಾಗುತ್ತದೆ. ಕಟ್ಟಿದ ಐದಾರು ಗಂಟೆಯೊಳಗೆ ಕತ್ತರಿಸುವ ಕೇಕಿಗೆ ಮಾತ್ರ ಸ್ಪೆಗೆಟಿ ಸಾಕು.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿನ ಚಳಿಯಲ್ಲಿ ಇನ್ನೊಂದು ತೊಂದರೆ ಇದೆ. ತಣ್ಣಗಿನ ಗೋಡೆಗೆ ತಾಗಿದ ಚಾಕೊಲೇಟ್ ಅಂಟು ಹಿಡಿಯುವ ಮೊದಲೇ ಗಟ್ಟಿಯಾಗುತ್ತದೆ. ಉಂಡೆ ಕಿತ್ತರೆ ಅದರ ಬೆನ್ನಿಗೆ ನುಣುಪಾದ ಬಿಲ್ಲೆಯೊಂದು ಅಂಟಿಕೊಂಡೇ ಬರುತ್ತದೆ. ಆ ಬಿಲ್ಲೆ ಕೆರೆದು, ಬಿಸಿನೀರಲ್ಲಿ ಅದ್ದಿ ಪೂರ್ತಿ ಒರೆಸಿದ ಚಮಚದ ಬೆನ್ನನ್ನು ಗೋಡೆಗೆ ಎರಡು ಸೆಕೆಂಡ್ ಒತ್ತಿ, ಆಮೇಲೆ ಅಂಟಿಸಿ.

ಉಂಡೆಯ ದೋಷಗಳು

ಅಳತೆ ಇಷ್ಟು: 1 ಕಿಲೊ ವೆನಿಲ್ಲಾ ಕೇಕ್ ಪುಡಿಗೆ 250 ಗ್ರಾಂ ಬಿಳಿ ಗನಾಶ್, 11 ಉಂಡೆಯಾಗುತ್ತದೆ. ಕೇಕಿನ ಕಂದು ಸಿಪ್ಪೆ ತೆಗೆದೇ ಪುಡಿ ಮಾಡಿ, ಇಲ್ಲದಿದ್ದರೆ ಕತ್ತರಿಸಿದಾಗ ಒಳಗೆ ಚುಕ್ಕೆ ಕಾಣುತ್ತದೆ. ಮುಷ್ಟಿಯಲ್ಲಿ ಹಿಚುಕಿದಾಗ ಬಿರಿಯಬಾರದು, ಅಂಗೈಗೆ ಅಂಟಬಾರದು. ಬಿರಿದರೆ ಗನಾಶ್ ಒಂದೊಂದೇ ಚಮಚ ಸೇರಿಸಿ. ಅಂಟಿದರೆ ಪುಡಿ ಸೇರಿಸಿ; ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿಕೊಳ್ಳುವುದು ಪರಿಹಾರವಲ್ಲ, ಹೊರತೆಗೆದ ಒಂದು ಗಂಟೆಗೆ ತಳ ಚಪ್ಪಟೆಯಾಗುತ್ತದೆ.

ಗನಾಶಿನ ಪಾಲು ಬಿಳಿ ಚಾಕೊಲೇಟ್ 3, ಕ್ರೀಮ್ 1, ತೂಕದಲ್ಲಿ. ಅಂಗಡಿಯ 25 ಶೇಕಡ ಕೊಬ್ಬಿನ ಕ್ರೀಮಿನಲ್ಲಿ ನೀರಿನ ಪಾಲು ಹೆಚ್ಚು. ಅದನ್ನು ಬಳಸುವಾಗಲೂ, ಸುಳ್ಯ–ಪುತ್ತೂರಿನ ಸೆಕೆಗೆ ಇಳಿಯುವ ಕೇಕಿಗೂ ಚಾಕೊಲೇಟ್ 4 ಪಾಲು ಮಾಡಿ.

ಚಾಕೊಲೇಟಿನಲ್ಲಿ ಅದ್ದಿದ ಉಂಡೆ ಸ್ವಲ್ಪ ಹೊತ್ತಿಗೆ ಟಪ್ಪೆಂದು ಬಿರಿಯುತ್ತದೆಯೇ? ಫ್ರಿಜ್ಜಿನಿಂದ ನೇರ ತೆಗೆದು ಅದ್ದಿದ್ದೀರಿ. ಒಳಗಿನ ಕೇಕ್ ಬೆಚ್ಚಗಾಗುತ್ತಾ ಹಿಗ್ಗುತ್ತದೆ, ಹೊರಗಿನ ಚಿಪ್ಪು ಆರುತ್ತಾ ಕುಗ್ಗುತ್ತದೆ. ಅದ್ದುವ ಮುನ್ನ 15–20 ನಿಮಿಷ ಹೊರಗಿಡಿ. ಚಾಕೊಲೇಟೇ ಗಂಟುಗಂಟಾಗಿ ಮುದ್ದೆ ಕಟ್ಟಿದರೆ ಅದಕ್ಕೆ ನೀರು ತಾಗಿದೆ. ಮಳೆಗಾಲದಲ್ಲಿ ಒರೆಸಿಟ್ಟ ಬಟ್ಟಲೂ ತೇವವಾಗಿರುತ್ತದೆ. ಮುದ್ದೆಯನ್ನು ಬಿಸಾಡಬೇಡಿ, ಬಿಸಿ ಕ್ರೀಮ್ ಬೆರೆಸಿ ಗನಾಶ್ ಮಾಡಿಕೊಳ್ಳಿ. ಅದ್ದಲು ಮಾತ್ರ ಬೇರೆಯದು ಬೇಕು.

ಮೇಲ್ಮೈಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಹಬೆಯಿಂದ ಆಗಷ್ಟೇ ತೆಗೆದ ಕಡಂಬಿಟ್ಟನ್ನು ಬೆಳಕಿಗೆ ಹಿಡಿದರೆ ಅದು ಸುಣ್ಣದ ಬಿಳಿ ಅಲ್ಲ. ಅನ್ನದ ಬಿಳಿ, ಅದರೊಳಗೆ ತುಸು ಬೂದು. ಒಂದೊಂದು ತರಿಯೂ ಬೇರೆಬೇರೆ ಕಾಣುತ್ತದೆ, ತರಿಗಳ ನಡುವೆ ಒದ್ದೆ ಮಿನುಗು ಇರುತ್ತದೆ, ಅಲ್ಲಲ್ಲಿ ಬೆರಳು ಒತ್ತಿದ ತಗ್ಗು. ಬಿಳಿ ಫಾಂಡೆಂಟ್ (ಲಟ್ಟಿಸಿ ಹೊದಿಸುವ ಸಕ್ಕರೆ ಕಣಕ) ಹೊದಿಸಿದ ಉಂಡೆ ಪಿಂಗಾಣಿ ಚೆಂಡಿನಂತೆ ಕಾಣುವುದು ಇದಕ್ಕೇ. ಒಣ ಕೊಬ್ಬರಿ ಪುಡಿಯನ್ನು ರವೆ ಜರಡಿಯಲ್ಲಿ ಜರಡಿ ಹಿಡಿದು, ರವೆಯಷ್ಟು ದಪ್ಪದ್ದನ್ನು ಮಾತ್ರ, ಚಿಪ್ಪು ಇನ್ನೂ ಅಂಟಂಟಾಗಿರುವಾಗ ಒತ್ತಿ. ಬಿಳಿ ಚಾಕೊಲೇಟಿನ ತಿಳಿ ಹಳದಿಯನ್ನು ಕೊಬ್ಬರಿ ಮುಚ್ಚುತ್ತದೆ. ಕೊಬ್ಬರಿ ಉದುರಿದರೆ ಚಿಪ್ಪು ಪೂರ್ತಿ ಆರಿದ ಮೇಲೆ ಹಾಕಿದ್ದೀರಿ. ಅಂಗೈಯನ್ನು ಉಂಡೆಯ ಸುತ್ತ ಹತ್ತು ಸೆಕೆಂಡ್ ಹಿಡಿದು ಬೆಚ್ಚಗೆ ಮಾಡಿ ಮತ್ತೆ ಒತ್ತಿ. ತರಿಗಾಗಿ ದಪ್ಪ ಸಕ್ಕರೆ ಹಾಕುವುದು ಬೇಡವೇ ಬೇಡ. ಮಳೆಗಾಲದ ಗಾಳಿಯಲ್ಲಿ ಸಕ್ಕರೆ ನೀರೊಡೆದು, ಬೆಳಗಾಗುವಷ್ಟರಲ್ಲಿ ಉಂಡೆಯಿಂದ ಪಾಕ ಇಳಿಯುತ್ತಿರುತ್ತದೆ.

ಬೆವರುವುದು

ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತಕ್ಕೆ (ಕೊಡಗಿನ ಆಯುಧಪೂಜೆಯ ಹಬ್ಬ) ಮಾಡುವ ಕೇಕಿನಲ್ಲಿ ಇದು ಕಾಣಿಸುತ್ತದೆ, ಏಕೆಂದರೆ ಆಗಲೂ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಕೇಕಿನ ಮೇಲೆ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ಕೊಬ್ಬರಿ ಗುಂಪುಗುಂಪಾಗಿ ಅಂಟಿಕೊಳ್ಳುತ್ತದೆ, ಚಾಕೊಲೇಟ್ ಒಣಗಿದ ಮೇಲೆ ಸಕ್ಕರೆಯ ಬಿಳಿ ಮಚ್ಚೆ ಉಳಿಯುತ್ತದೆ. ಒರೆಸಿದರೆ ಇನ್ನಷ್ಟು ಕೆಡುತ್ತದೆ.

ಕೇಕನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸಂದುಗಳಿಗೆ ಟೇಪ್ ಹಾಕಿ ಫ್ರಿಜ್ಜಿನಲ್ಲಿಡಿ. ಹೊರತೆಗೆದ ಮೇಲೆ 2–3 ಗಂಟೆ ಪೆಟ್ಟಿಗೆ ತೆರೆಯಬೇಡಿ. ಹನಿ ಪೆಟ್ಟಿಗೆಯ ಹೊರಮೈ ಮೇಲೆ ಕೂರುತ್ತದೆ. ಮಳೆಗಾಲದ ಮಡಿಕೇರಿಯಲ್ಲಿ ಕೋಣೆಯೇ 20 ಡಿಗ್ರಿಯ ಸುತ್ತಮುತ್ತ ಇರುವಾಗ, ಬರೀ ಗನಾಶ್ ಬಳಸಿದ ಕೇಕಿಗೆ ಒಂದು ರಾತ್ರಿಯ ಮಟ್ಟಿಗೆ ಫ್ರಿಜ್ಜೇ ಬೇಡ. ಕರೆಂಟ್ ಹೋಗಿ ಬಂದು ಆಗುವ ಫ್ರಿಜ್ಜಿಗಿಂತ ಒಂದೇ ಹದದ ತಂಪು ಕೋಣೆ ಮೇಲು. ಒಲೆ, ಹೊಗೆ, ಬಚ್ಚಲಿನಿಂದ ದೂರವಿರಲಿ.

ಕರಿಯ ಭಾಗ

ಗ್ರೇವಿಗೆ ಕಪ್ಪು ಚಾಕೊಲೇಟ್ 200 ಗ್ರಾಂ, ಕ್ರೀಮ್ 200 ಗ್ರಾಂ ಸಾಕು. ಸುರಿಯುವ ಹದ 32–35 ಡಿಗ್ರಿ: ಬೆರಳಿಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಬಿಸಿ ಹೆಚ್ಚಿದ್ದರೆ ಉಂಡೆಯ ಬುಡ ಕರಗಿ ಬಿಳಿ–ಕಪ್ಪು ಕಲಸಿಹೋಗುತ್ತದೆ. ಕಡಿಮೆಯಿದ್ದರೆ ಗುಡ್ಡೆಗುಡ್ಡೆಯಾಗಿ ನಿಲ್ಲುತ್ತದೆ. ಬೋರ್ಡಿನ ಅಂಚಿಗೆ ಒಂದೂವರೆ ಸೆಂ.ಮೀ. ಎತ್ತರದ ಚಾಕೊಲೇಟ್ ಕಟ್ಟೆ ಬೇಕು. ಗ್ರೇವಿ ಗೋಪುರದ ತಳಕ್ಕೆ ನುಗ್ಗದಂತೆ, ಕೆಳಸಾಲಿನ ಉಂಡೆಗಳ ಬುಡಕ್ಕೆ ಮೊದಲೇ ಕರಗಿದ ಬಿಳಿ ಚಾಕೊಲೇಟ್ ಬಳಿದು ಸಂದು ಮುಚ್ಚಿ.

ಪಂದಿಕರಿಯ ಕಪ್ಪು ಬರಲೆಂದು, ಹುಳಿ ಇರಲೆಂದು ಗನಾಶಿಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದರೆ ಆ ಹುಳಿಗೆ ಬಿಸಿ ಕ್ರೀಮ್ ಒಡೆದು ಎಣ್ಣೆ ಬೇರೆಯಾಗುತ್ತದೆ. ಕಪ್ಪಿಗೆ ಕೋಕೋ ಪುಡಿ ಒಂದು ಚಮಚ ಸೇರಿಸಿ. ಮಾಂಸದ ತುಂಡಿಗೆ ಮಡ್ ಕೇಕಿನ 3 ಸೆಂ.ಮೀ. ಚೌಕ, ಅದರ ಒಂದು ಬದಿಗೆ 5 ಮಿ.ಮೀ. ಬಿಳಿ ಫಾಂಡೆಂಟ್ ಪಟ್ಟಿ, ಅದರ ಮೇಲೆ ತೆಳ್ಳಗೆ ಕಂದು ಪಟ್ಟಿ. ಕೊಬ್ಬು, ತೊಗಲು ಎರಡೂ ಕಾಣುವುದರಿಂದ ಈ ಒಂದು ವಿವರಕ್ಕೇ ಜನ ಮೋಸಹೋಗುತ್ತಾರೆ.

ಬಾಳೆಲೆ ಹಾಸಿ ಅದರ ಮೇಲೆ ಗೋಪುರ ಕಟ್ಟುವುದು ತಪ್ಪು. ಎಲೆಯ ಮೇಣದ ಮೈಗೆ ಚಾಕೊಲೇಟ್ ಅಂಟುವುದಿಲ್ಲ, ಮೊದಲ ತಿರುವಿನಲ್ಲೇ ಕೇಕ್ ಜಾರುತ್ತದೆ. ಎಲೆ ಬೇಕೇ ಬೇಕಾದರೆ ಬೋರ್ಡಿನ ಕೆಳಗೆ ಹಾಸಿ.

ದಾರಿಯಲ್ಲಿ ಕೆಟ್ಟದ್ದು

ಸಂಪಾಜೆ ಘಾಟಿಯಾಗಲಿ, ಮಾಕುಟ್ಟದ ಇಳಿಜಾರಾಗಲಿ, ಮಡಿಕೇರಿಯಿಂದ ಸುಂಟಿಕೊಪ್ಪದವರೆಗಿನ ತಿರುವುಗಳಾಗಲಿ, ಪೂರ್ತಿ ಕಟ್ಟಿದ ಕೇಕನ್ನು ಒಯ್ಯಬೇಡಿ. ಗೋಪುರ ಮತ್ತು ಮೊದಲ ಎರಡು ಸಾಲು ಮನೆಯಲ್ಲೇ ಕೂರಿಸಿ. ಮೇಲಿನ 6 ಉಂಡೆ, ಗ್ರೇವಿ, ಮಾಂಸದ ತುಂಡು ಬೇರೆ ಡಬ್ಬಿಯಲ್ಲಿರಲಿ. ಅಲ್ಲಿ ಹೋಗಿ ಮುಗಿಸಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಎರಡು ಮೂರು ಉಂಡೆ ಹೆಚ್ಚಿಗೆ ಒಯ್ಯಿರಿ.

ಕಾರಿನ ಸೀಟು ಹಿಂದಕ್ಕೆ ಓರೆ ಇರುತ್ತದೆ, ಮಡಿಲಲ್ಲಿ ಹಿಡಿದರೆ ಕೈ ಸೋಲುತ್ತದೆ. ಡಿಕ್ಕಿಯ ಸಪಾಟು ನೆಲದಲ್ಲಿ, ಜಾರದ ರಬ್ಬರ್ ಮ್ಯಾಟಿನ ಮೇಲೆ ಇಡಿ. ಉಂಡೆಗಳೆಲ್ಲ ಒಂದೇ ದಿಕ್ಕಿಗೆ ಸರಿದಿದ್ದರೆ ತಿರುವಿನಲ್ಲಿ ವೇಗ ಹೆಚ್ಚಾಗಿತ್ತು. ಅಲ್ಲೊಂದು ಇಲ್ಲೊಂದು ಕಳಚಿದ್ದರೆ ಅದು ಗುಂಡಿಯ ಕುಲುಕು, ಅಂಟು ಸಾಲದು. ಗೋಪುರವೇ ತಿರುಗಿದ್ದರೆ ನಡುವಿನ ಕೋಲು ಬೋರ್ಡಿನಲ್ಲಿ ಸಡಿಲವಾಗಿದೆ, ಸ್ಕ್ರೂ ನೋಡಿ.

ತಲುಪಿದ ಮೇಲೆ ವಾಲಿದ್ದು ಕಂಡರೆ

ತುದಿ 1 ಸೆಂ.ಮೀ.ಗಿಂತ ಕಡಿಮೆ ವಾಲಿದ್ದರೆ ವಾಲಿದ ಬದಿಯನ್ನು ಹಿಂದಕ್ಕೆ ತಿರುಗಿಸಿ, ಮೇಲಿನ ಸಾಲಿನಲ್ಲಿ ಒಂದು ಉಂಡೆ ಕಡಿಮೆ ಕೂರಿಸಿ, ಬೇಗ ಕತ್ತರಿಸಲು ಹೇಳಿ. ಅದಕ್ಕಿಂತ ಹೆಚ್ಚಿದ್ದರೆ ಒತ್ತಿ ನೆಟ್ಟಗೆ ಮಾಡಲು ಹೋಗಬೇಡಿ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯ ಸ್ಟ್ರಾ ಕೇಕನ್ನು ಸೀಳುತ್ತದೆ. ಮೇಲಿನ ಎರಡು ಅಂತಸ್ತು ಇಳಿಸಿ, 18ರ ಅಂತಸ್ತಿನ ಮೇಲೆ ರಟ್ಟು ಹಾಗೇ ಬಿಟ್ಟು, 8 ಉಂಡೆಯ ಸಾಲನ್ನು ಉಳಿಸಿ, ನಡುವೆ ಹಿಡಿಸುವಷ್ಟು ಉಂಡೆ ತುಂಬಿ. ರಾಶಿ ತಗ್ಗುತ್ತದೆ, ಅಷ್ಟೆ. ಊಟಕ್ಕೆ ಬರುವ ಕಡಂಬಿಟ್ಟಿನ ತಟ್ಟೆಯೂ ತಗ್ಗಾಗಿಯೇ ಇರುತ್ತದೆ, ನೋಡುವವರಿಗೆ ಕೊರತೆ ಅನ್ನಿಸುವುದಿಲ್ಲ.

ಕತ್ತರಿಸುವವರ ಕೈಗೆ ಒಂದು ಚೀಟಿ ಕೊಡಿ: ಬಿದಿರುಕಡ್ಡಿ 13, ಸ್ಟ್ರಾ 12, ರಟ್ಟು 2, ನಡುವೆ ಮರದ ಕೋಲು 1. ಮೊಟ್ಟೆ, ಹಾಲು ಇವೆ, ಮಾಂಸ ಇಲ್ಲ ಎಂದೂ ಅದರಲ್ಲೇ ಬರೆಯಿರಿ. ಮೊದಲು ತುದಿಯ ಉಂಡೆ ಎತ್ತಬೇಕು, ಆಮೇಲೆ ಮೇಲಿನ ಸಾಲಿನಿಂದ ಒಂದೊಂದೇ ಉಂಡೆಯ ಕಡ್ಡಿ ಎಳೆದು ಬಟ್ಟಲಿಗೆ ಹಾಕಬೇಕು. ಬಟ್ಟಲಿನಲ್ಲಿ 13 ಆಗುವವರೆಗೆ ಮಕ್ಕಳ ತಟ್ಟೆಗೆ ಕೆಳಸಾಲಿನ 11 ಉಂಡೆಗಳನ್ನು ಮಾತ್ರ ಬಡಿಸಲಿ. ಅವುಗಳಲ್ಲಿ ಕಡ್ಡಿ ಇರುವುದಿಲ್ಲ.